ನೂಲವ್ವ ಎಡಗಡೆಯಿಂದ ಬರುತ್ತಾಳೆ

ಕಲ್ಮೇಶನ ಕಿವಿ ಮಂದವಾಗುತ್ತಿದೆ ಎಂಬುದನ್ನು ಮೊದಲು ಗಮನಿಸಿದವಳು ಅವನ ಹೆಂಡತಿ ರಾಜಶ್ರೀ. ಬನಹಟ್ಟಿಯ ಆ ಓಣಿಯಲ್ಲಿ ಬೇರೆ ಯಾರ ಗಮನಕ್ಕೂ ಅದು ಬಾರದಿರಲು ಕಾರಣವಿತ್ತು. ಮಗ್ಗದ ಮನೆಗಳಲ್ಲಿ ಎಲ್ಲರೂ ಒದರಿಯೇ ಮಾತನಾಡುತ್ತಾರೆ. ಆರು ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡುವ ಕೋಣೆಯಲ್ಲಿ ಒದರಿದರೂ ಕೇಳುವುದಿಲ್ಲ. ಹಾಗಾಗಿ ತುಟಿ ನೋಡಿ ಮಾತು ತಿಳಿಯುವುದು, ಕೈಸನ್ನೆಯಲ್ಲಿ ಉತ್ತರ ಕೊಡುವುದು ಅಲ್ಲಿ ಬೆಳೆದವರಿಗೆಲ್ಲ ಬರುತ್ತದೆ. ಕಿವಿ ಕೇಳುವವನೂ ಕೇಳದವನೂ ಅಲ್ಲಿ ದಿನ ಕಳೆಯುವುದು ಒಂದೇ ರೀತಿ.

ರಾಜಶ್ರೀ ಬೀಳಗಿಯವಳು. ತವರಿನಲ್ಲಿ ಮಗ್ಗ ಇರಲಿಲ್ಲ, ಕಿರಾಣಿ ಅಂಗಡಿ ಇತ್ತು. ಗಂಡ ತನ್ನ ಮಾತಿಗೆ ಉತ್ತರ ಕೊಡುವ ಮುನ್ನ ತನ್ನ ತುಟಿಯನ್ನೇ ನೋಡುತ್ತಾನೆ, ಮುಖ ಆಚೆ ತಿರುಗಿಸಿ ಮಾತನಾಡಿದರೆ ಉತ್ತರವೇ ಬರುವುದಿಲ್ಲ ಎಂಬುದು ಅವಳ ಕಣ್ಣಿಗೆ ಬಿದ್ದದ್ದು ಅದರಿಂದಲೇ.

"ಜಮಖಂಡಿಗೆ ಹೋಗಿ ಒಮ್ಮೆ ಕಿವಿ ತೋರಿಸಿಕೊಂಡು ಬರೂಣು ನಡೀರಿ," ಎಂದು ಅವಳು ಹೇಳಿದ್ದಳು.

"ನನ್ನ ಕಿವಿಗೆ ಏನಾಗೇತಿ? ನಿಮ್ಮ ಬೀಳಗ್ಯಾಗ ಪಿಸುಪಿಸು ಮಾತಾಡ್ತೀರಿ. ಇದು ಬನಹಟ್ಟಿ."

"ಹೌದ್ರಿ, ಕುಕ್ಕರೂ ಬೀಳಗೀದ ಇರಬೇಕು. ನಿನ್ನೆ ಸೀಟಿ ಹೊಡದು ಹೊಡದು ಬ್ಯಾಳಿ ತಳಾ ಹತ್ತಿತು. ನೀವು ಬಾಜೂಕ ಕುಂತು ಪೇಪರ್ ಓದಾಕತ್ತಿದ್ರಿ."

"ಸುದ್ದಿ ಛಲೋ ಇತ್ತು."

ಎರಡು ಸಲ ಅವಳು ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದಳು. ಎರಡೂ ಸಲ ಕಲ್ಮೇಶನಿಗೆ ಚಿಮ್ಮಡದಲ್ಲಿ ಯಾರದೋ ಮಗ್ಗ ಕೆಟ್ಟಿತು. ಕೆಟ್ಟದ್ದು ಸುಳ್ಳಲ್ಲ. ಆದರೆ ಮರುದಿನ ಹೋದರೂ ನಡೆಯುತ್ತಿತ್ತು.

ಅವನ ಹಟಕ್ಕೆ ಅರ್ಥವಿತ್ತು. ರಬಕವಿ, ಬನಹಟ್ಟಿ, ಚಿಮ್ಮಡದ ಕಡೆ ಮಗ್ಗದ ಓಟದಲ್ಲಿ ಏನಾದರೂ ಏರುಪೇರಾದರೆ ಕಲ್ಮೇಶನನ್ನು ಕರೆಯುತ್ತಾರೆ. ಅವನು ಬಂದು ಮಗ್ಗದ ಪಕ್ಕ ನಿಂತು, ತಲೆ ಬಾಗಿಸಿ, ಒಂದಿಷ್ಟು ಹೊತ್ತು ಸುಮ್ಮನಿದ್ದು, ಎಲ್ಲಿ ಸಡಿಲಾಗಿದೆ, ಏನು ಸವೆದಿದೆ ಎಂದು ಹೇಳುತ್ತಾನೆ. ಬಿಚ್ಚಿ ನೋಡಿದರೆ ಅಲ್ಲೇ ಇರುತ್ತದೆ. 'ಅವನ ಕಿವಿ ಅಂದ್ರ ಕಿವಿ' ಎಂದು ಜನ ಹೇಳುತ್ತಿದ್ದರು. ಆ ಕಿವಿಯೇ ಹೋಯಿತೆಂದು ಒಬ್ಬ ಡಾಕ್ಟರು ಹೇಳಿದರೆ ಆಮೇಲೆ ತಾನು ಯಾರು ಎಂಬುದು ಕಲ್ಮೇಶನಿಗೆ ಗೊತ್ತಿರಲಿಲ್ಲ. ಡಾಕ್ಟರು ಹೇಳದಿದ್ದರೆ ಅದು ಹೋಗಿಲ್ಲ. ಅವನ ಲೆಕ್ಕ ಇಷ್ಟು ಸರಳ.

ಕಾರ್ತೀಕದ ಅಮಾವಾಸ್ಯೆಯ ದಿನ ಮುಧೋಳದಿಂದ ಶಿವಯೋಗಿ ಬಂದ. ಅಮಾವಾಸ್ಯೆಗೆ ಆ ಓಣಿಯ ಮಗ್ಗಗಳು ಓಡುವುದಿಲ್ಲ. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡುವ ಶಿವಯೋಗಿ ಆ ದಿನಕ್ಕೆಂದೇ ರಜೆ ಹಾಕಿ, ಬೈಕಿಗೆ ಬ್ಯಾಗು ಕಟ್ಟಿಕೊಂಡು ಬಂದಿದ್ದ. ಬ್ಯಾಗಿನಲ್ಲಿ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆ, ಎರಡು ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರ್, ದೊಡ್ಡದೊಂದು ಹೆಡ್‌ಫೋನ್ ಇದ್ದವು.

ಇವರಿಬ್ಬರ ಈ ಚಟ ಹಳೆಯದು. ಜಮಖಂಡಿಯಲ್ಲಿ ಪಿಯುಸಿ ಓದುವಾಗ ಬಸ್ ನಿಲ್ದಾಣದ ಹಿಂದಿನ ಸೈಬರ್ ಕೆಫೆಯಲ್ಲಿ 'ಮಿಲ್ ನೈನ್' ಎಂಬ ಆಟ ಇತ್ತು. ಪರದೇಶದ ಯಾವುದೋ ಊರಿನ ಮುಚ್ಚಿದ ಬಟ್ಟೆ ಗಿರಣಿ. ರಾತ್ರಿ ಪಾಳಿಗೆ ಹೋಗಿ ಹಿಂದಿರುಗದ ಅಕ್ಕನನ್ನು ಹುಡುಕಿಕೊಂಡು ಎಡಿತ್ ಎಂಬ ಹುಡುಗಿ ಒಳಗೆ ಹೋಗುತ್ತಾಳೆ. ಕೈಯಲ್ಲಿ ಒಂದು ಕಂದೀಲು, ಸ್ವಲ್ಪವೇ ಎಣ್ಣೆ, ನಾಲ್ಕೈದು ಗುಂಡು. ಗಿರಣಿಯೊಳಗೆ ಮುಖದ ತುಂಬ ನೂಲು ಸುತ್ತಿಕೊಂಡ ಒಬ್ಬ ಹೆಂಗಸು ಓಡಾಡುತ್ತಾಳೆ. ಅವಳನ್ನು ಕೊಲ್ಲಲು ಆಗುವುದಿಲ್ಲ, ತಪ್ಪಿಸಿಕೊಳ್ಳಬೇಕು ಅಷ್ಟೇ. ಹೊಡೆದು ಗೆಲ್ಲುವುದಕ್ಕಿಂತ ಬದುಕಿ ಹೊರಬರುವುದೇ ಮುಖ್ಯವಾದ ಇಂಥ ಆಟಗಳಿಗೆ ಸರ್ವೈವಲ್ ಹಾರರ್ ಎನ್ನುತ್ತಾರೆ. ಆಟದಲ್ಲಿ ಆ ಹೆಂಗಸಿಗೆ ಇಂಗ್ಲಿಷಿನ ಏನೋ ಹೆಸರಿತ್ತು. ಇವರು ನೂಲವ್ವ ಎಂದು ಕರೆದರು.

ಸೈಬರ್‌ನ ಕಂಪ್ಯೂಟರಿಗೆ ಒಂದೇ ಹೆಡ್‌ಫೋನ್. ಹಾಗಾಗಿ ಇಬ್ಬರೂ ಕೆಲಸ ಹಂಚಿಕೊಂಡರು. ಕೀಬೋರ್ಡು ಶಿವಯೋಗಿಯ ಕೈಯಲ್ಲಿ, ಹೆಡ್‌ಫೋನು ಕಲ್ಮೇಶನ ತಲೆಯ ಮೇಲೆ. ಪರದೆಯ ಮೇಲೆ ಕತ್ತಲೆಯೇ ಹೆಚ್ಚಿದ್ದುದರಿಂದ ನೂಲವ್ವ ಕಾಣುವ ಮೊದಲೇ ಕೇಳಿಸಬೇಕಿತ್ತು. 'ಎಡಕ್ಕ', 'ಬಲಕ್ಕ', 'ನಿಂದ್ರು', 'ಓಡು'. ಕಲ್ಮೇಶ ಈ ನಾಲ್ಕು ಮಾತಿನ ಹೊರತು ಬೇರೇನೂ ಆಡುತ್ತಿರಲಿಲ್ಲ. 'ಎಡಕ್ಕ', 'ಬಲಕ್ಕ' ಎಂದರೆ ನೂಲವ್ವ ಬರುತ್ತಿರುವ ದಿಕ್ಕು. ಕಿವಿ ಹೇಳದೆ ಕೈ ಹೊರಳಬಾರದು ಎಂಬುದು ಇಬ್ಬರೂ ಮಾಡಿಕೊಂಡ ನಿಯಮ. ಬಾಯ್ಲರ್ ಕೋಣೆಯ ತನಕ ಹೋಗಿದ್ದರು. ಅಷ್ಟರಲ್ಲಿ ಪರೀಕ್ಷೆ ಬಂತು. ಪರೀಕ್ಷೆ ಮುಗಿಸಿ ಬರುವ ಹೊತ್ತಿಗೆ ಸೈಬರ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು.

ಈಗ ಅದೇ ಆಟವನ್ನು ಹೊಸ ಯಂತ್ರಗಳಿಗೆಂದು ಮೊದಲಿನಿಂದ ಕಟ್ಟಿ ಬಿಡುಗಡೆ ಮಾಡಿದ್ದರು. ಶಿವಯೋಗಿ ಅದನ್ನು ತರಿಸಿ, ಮುಧೋಳದ ಮನೆಯಲ್ಲಿ ಒಬ್ಬನೇ ಕೂತು ಒಂದು ಸಲ ಪೂರ್ತಿ ಆಡಿ ಮುಗಿಸಿದ್ದ. ಮುಗಿಸಿದ ಮೇಲೆ, ಇದನ್ನು ಕಲ್ಮೇಶನ ಜೊತೆ ಮತ್ತೊಮ್ಮೆ ಮೊದಲಿನಿಂದ ಆಡದಿದ್ದರೆ ಆಡಿದಂತಾಗಲಿಲ್ಲ ಎನಿಸಿತು. ಹಾಗಾಗಿ ಬಂದಿದ್ದ.

ಕಲ್ಮೇಶನ ತಾಯಿ ಶಿವಗಂಗವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಮಗ ಹಗಲುಹೊತ್ತಿನಲ್ಲೇ ಕಿಟಕಿಗೆ ಚಾದರ ಕಟ್ಟಿ ಕತ್ತಲು ಮಾಡುವುದನ್ನು ನೋಡಿ ಕೇಳಿದಳು.

"ಏನೋ ಅದು, ಶಿವಯೋಗಿ?"

"ದೆವ್ವದ ಆಟ, ಯವ್ವಾ!" ಅವನು ಅವಳ ಎದುರು ಬಗ್ಗಿ ಒದರಿದ.

"ಅಮಾಸಿ ದಿನ ದೆವ್ವದ ಆಟ? ಬ್ಯಾರೆ ದಿನ ಸಿಗಲಿಲ್ಲೇನ್ ನಿಮಗ?"

"ಬ್ಯಾರೆ ದಿನ ನಿನ್ನ ಮಗನ ಮಗ್ಗ ಓಡ್ತಾವ. ಆ ಸಪ್ಪಳಕ್ಕ ದೆವ್ವ ಊರ ಬಿಟ್ಟು ಹೋಗ್ತೈತಿ."

ಶಿವಗಂಗವ್ವ ನಕ್ಕಳು. "ಸಣ್ಣ ಹುಡುಗರಂಗ ಆಡ್ರಿ. ಇಬ್ಬರದೂ ತಲಿ ಬೆಳ್ಳಗಾಗಾಕತ್ತಾವ."

ಆಟ ಶುರುವಾಯಿತು. ಹಳೆಯ ಪದ್ಧತಿಯಂತೆ ಕಂಟ್ರೋಲರ್ ಶಿವಯೋಗಿ ಹಿಡಿದ, ಹೆಡ್‌ಫೋನ್ ಕಲ್ಮೇಶ ಹಾಕಿಕೊಂಡ. ರಾಜಶ್ರೀ ಚುರುಮುರಿಯ ಸೂಸಲಾ ಮಾಡಿ ತಂದಿಟ್ಟು ಬಾಗಿಲ ಹತ್ತಿರ ಕೂತಳು.

ಮೊದಲ ಅರ್ಧ ಗಂಟೆ ಕಲ್ಮೇಶ ಬಾಯಿ ತೆರೆದುಕೊಂಡೇ ನೋಡಿದ. ಹಳೆಯ ಆಟದಲ್ಲಿ ಕ್ಯಾಮೆರಾ ಪ್ರತಿ ಕೋಣೆಯ ಮೂಲೆಯಲ್ಲಿ ಕದಲದೆ ನಿಂತಿರುತ್ತಿತ್ತು. ಎಡಿತ್ ಕಂಬದ ಹಿಂದೆ ಹೋದರೆ ಅವಳೇ ಕಾಣುತ್ತಿರಲಿಲ್ಲ. ಈಗ ಕ್ಯಾಮೆರಾ ಅವಳ ಹೆಗಲ ಹಿಂದೆಯೇ ನಡೆಯುತ್ತದೆ. ಮೊದಲು ಒಂದು ಬಾಗಿಲು ದಾಟಲು ಪರದೆ ಕಪ್ಪಾಗಿ ಕಾಯಬೇಕಿತ್ತು. ಈಗ ಇಡೀ ಗಿರಣಿ ಒಂದೇ ಕಟ್ಟಡ, ಮೆಟ್ಟಿಲಿನ ಮೇಲೆ ನಿಂತರೆ ಕೆಳಗಿನ ಮಹಡಿಯ ಬೆಳಕು ಕಾಣುತ್ತದೆ. ನಕ್ಷೆಯಲ್ಲಿ ಹುಡುಕಿ ಮುಗಿಸಿದ ಕೋಣೆಗೆ ಬೇರೆ ಬಣ್ಣ ಬರುತ್ತದೆ, ಹಾಗಾಗಿ ಅದೇ ಕೋಣೆಗೆ ಮತ್ತೆ ಮತ್ತೆ ಹೋಗುವ ಗೋಳಿಲ್ಲ. ಇಷ್ಟೆಲ್ಲ ಸುಲಭ ಮಾಡಿಯೂ ಭಯವನ್ನು ಕಡಿಮೆ ಮಾಡಿರಲಿಲ್ಲ. ಕಂದೀಲಿನ ಎಣ್ಣೆ ಮೊದಲಿನಷ್ಟೇ ಇತ್ತು, ಗುಂಡುಗಳೂ ಅಷ್ಟೇ.

ಕಲ್ಮೇಶನಿಗೆ ಹಿಡಿಸಿದ್ದು ಬೇರೆಯದೇ ಸಂಗತಿ. ಒಂದು ಕೋಣೆಯಲ್ಲಿ ಒಂಟಿ ಮಗ್ಗವೊಂದು ತಾನಾಗಿಯೇ ಓಡುತ್ತಿತ್ತು, ಅಡ್ಡನೂಲು ಹೊತ್ತ ಲಾಳಿ ಅತ್ತಿಂದಿತ್ತ ಹಾರುತ್ತಿತ್ತು. ಅವನು ಹೆಡ್‌ಫೋನ್ ಒಂದು ಕಡೆ ಸರಿಸಿ, ಶಿವಯೋಗಿಯ ಭುಜ ಹಿಡಿದು ನಿಲ್ಲಿಸಿದ.

"ತಡಿಯಲೇ. ಅಲ್ಲೇ ನಿಂದ್ರು. ಆ ಲಾಳಿ ನೋಡು."

"ನೂಲವ್ವ ಬರ್ತಾಳ, ಲಾಳಿ ಏನ್ ನೋಡ್ತಿ?"

"ಬರ್ಲಿ ತಡಿ. ಹಳೇ ಆಟದಾಗ ಲಾಳಿ ಸುಮ್ಮನ ಆ ಕಡಿಗೊಮ್ಮಿ ಈ ಕಡಿಗೊಮ್ಮಿ ಹಾರ್ತಿತ್ತು. ಹಾಸಿನ ಎಳಿ ಬಾಯಿ ತೆರದಿರೂದ ಇಲ್ಲ, ಲಾಳಿ ಹೋಗಿಬಿಡೂದು! ನಾ ಆವಾಗನ ನಿಂಗ ಹೇಳಿದ್ನಿ, ನೆಪ್ಪೈತಿ? ಈಗ ನೋಡು. ಎಳಿ ಮ್ಯಾಲ-ಕೆಳಗ ಆದ ಮ್ಯಾಲ ಲಾಳಿ ಹೋಗ್ತೈತಿ, ಆಮ್ಯಾಲ ಫಣಿ ಬಂದು ಆ ನೂಲ ಒತ್ತತೈತಿ. ಯಾವನೋ ಮಗ್ಗದ ಮುಂದ ಕುಂತು ನೋಡ್ಯಾನಲೇ ಇದನ್ನ. ಮನಸಾ ಹಚ್ಚಿ ಮಾಡ್ಯಾನ."

"ಆಟ ಆಡಾಕ ಕುಂತೀರೋ, ಮಗ್ಗ ಖರೀದಿ ಮಾಡಾಕ ಕುಂತೀರೋ?" ರಾಜಶ್ರೀ ಕೇಳಿದಳು. ಕಲ್ಮೇಶ ಪರದೆಯ ಕಡೆಗೇ ನೋಡುತ್ತಿದ್ದ. ಉತ್ತರ ಬರಲಿಲ್ಲ.

ತೊಡಕು ಶುರುವಾದದ್ದು ಗಿರಣಿಯ ಎರಡನೆಯ ಮಹಡಿಯ ಉದ್ದನೆಯ ಓಣಿಯಲ್ಲಿ. ನೂಲವ್ವ ಮೊದಲ ಸಲ ಬರುವುದು ಅಲ್ಲೇ. ಎಡಗಡೆ ಒಂದು ಬಾಗಿಲು, ಬಲಗಡೆ ಬಚ್ಚಿಟ್ಟುಕೊಳ್ಳಲು ಒಂದು ಕಪಾಟು. ಒಂದು ಸಲ ಆಡಿ ಮುಗಿಸಿದ ಶಿವಯೋಗಿಗೆ ಅವಳು ಎಡಗಡೆಯಿಂದ ಬರುತ್ತಾಳೆಂದು ಗೊತ್ತಿತ್ತು. ಆದರೂ ಅವನು ಎಡಿತ್‌ಳನ್ನು ಓಣಿಯ ನಡುವೆ ನಿಲ್ಲಿಸಿ ಕಾದ. ಕಿವಿ ಹೇಳದೆ ಕೈ ಹೊರಳಬಾರದು.

"ಏನರ ಬಂತೇನು?" ಗೆಳೆಯನ ಕಡೆ ತಿರುಗಿ ಕೇಳಿದ.

"ಇಲ್ಲ. ನಡಿ."

ನಡೆದ. ಎಡಗಡೆಯ ಬಾಗಿಲಿನಿಂದ ನೂಲವ್ವ ಬಂದು ಎಡಿತ್‌ಳ ಕೊರಳಿಗೆ ಎಳೆ ಸುತ್ತಿದಳು. ಪರದೆ ಕೆಂಪಾಯಿತು.

"ಲೇ, ಹೇಳಬೇಕಲ್ಲೋ!"

"ಏನೂ ಬರಲಿಲ್ಲಲೇ. ಒಮ್ಮಿಗೇ ಬಂದ್ಲು."

ಮತ್ತೆ ಆಡಿದರು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲವೂ ಎಡಿತ್ ಸತ್ತಾಗ ಕಲ್ಮೇಶ ಹೆಡ್‌ಫೋನ್ ಕಿತ್ತು ಚಾಪೆಯ ಮೇಲಿಟ್ಟ.

"ಆವಾಜ್ ಕೆಡಿಸ್ಯಾರ ಬಿಡು. ಚಿತ್ರಾ ಛಲೋ ಮಾಡೂ ಗದ್ದಲದಾಗ ಆವಾಜ್ ಮರತಾರ. ಹಳೇ ನೂಲವ್ವ ಬರೂ ಮುಂದ ಧಪ್ ಧಪ್ ಅಂತ ಕಾಲ ಎಳೀತಿದ್ಲು. ಇಕಿ ಬೆಕ್ಕಿನಂಗ ಬರ್ತಾಳ. ಇದೇನ್ ಸುಧಾರಣಿ?"

ಶಿವಯೋಗಿಗೆ ಆಶ್ಚರ್ಯವಾಯಿತು. ಈ ಹೊಸ ಆಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಸುಧಾರಿಸಿದ್ದು ಧ್ವನಿಯೇ ಎಂದು ಅವನು ತಿಳಿದಿದ್ದ. ತನ್ನ ನೆನಪೇ ತಪ್ಪಿರಬಹುದೆಂದು ಹೆಡ್‌ಫೋನ್ ಎತ್ತಿ ತಾನೇ ಹಾಕಿಕೊಂಡು, ಎಡಿತ್‌ಳನ್ನು ಅದೇ ಜಾಗದಲ್ಲಿ ನಿಲ್ಲಿಸಿದ.

ಗಿರಣಿಯ ಕೆಳಮಹಡಿಯ ಯಂತ್ರಗಳ ದಪ್ಪ ಸದ್ದು ಎರಡೂ ಕಿವಿಯಲ್ಲಿ ಕೇಳುತ್ತಿತ್ತು. ಅದರ ಮೇಲೆ, ಎಡಗಿವಿಯಲ್ಲಿ ಮಾತ್ರ, ಸಣ್ಣದೊಂದು ಸದ್ದು ಹುಟ್ಟಿತು. ಬಿಗಿಯಾದ ನೂಲನ್ನು ಲೋಹದ ಉಂಗುರದೊಳಗೆ ಎಳೆದಂಥ ತೆಳ್ಳನೆಯ ಸಿಳ್ಳು. ಮೊದಲು ದೂರದಲ್ಲಿ, ನಂತರ ಬಾಗಿಲ ಹಿಂದೆ. ಕಪಾಟಿನೊಳಗೆ ಹೋಗಲು ಧಾರಾಳ ಸಮಯ ಕೊಡುವಷ್ಟು ಮುಂಚೆಯೇ ಅದು ಬಂದಿತ್ತು. ಅದನ್ನು ಕೇಳದಿರಲು ಸಾಧ್ಯವಿರಲಿಲ್ಲ.

ಶಿವಯೋಗಿ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲ ಹತ್ತಿರ ಕೂತ ರಾಜಶ್ರೀ ಅವನನ್ನೇ ನೋಡುತ್ತಿದ್ದಳು. ಕಲ್ಮೇಶನ ತಲೆಯ ಹಿಂದಿನಿಂದ, ಸಾಮಾನ್ಯ ದನಿಯಲ್ಲಿ ಅವಳು ಕೇಳಿದಳು.

"ಕೇಳಸ್ತೇನ್ರಿ, ಅಣ್ಣಾರ?"

ಕಲ್ಮೇಶ ಸೂಸಲಾ ತಿನ್ನುತ್ತಲೇ ಇದ್ದ.

ಶಿವಯೋಗಿ ಅವಳಿಗೆ ಹೌದೆಂದು ತಲೆಯಾಡಿಸಿದ. ಬನಹಟ್ಟಿಯಲ್ಲಿ ಕಲ್ಮೇಶನ ಕಿವಿ ಎಂದರೆ ಏನೆಂಬುದು ಅವನಿಗೂ ಗೊತ್ತಿತ್ತು. ಕೊನೆಗೆ ಕಂಟ್ರೋಲರನ್ನು ಗೆಳೆಯನ ಕೈಗೆ ಕೊಟ್ಟ.

"ಈ ಸಲ ನೀ ಹಿಡಿ. ನಾ ಕೇಳ್ತೇನಿ."

"ನಂಗ ಇದು ಬರಂಗಿಲ್ಲಲೇ."

"ಆರು ಮಗ್ಗ ಓಡಸ್ತಿ, ಒಂದು ಹುಡುಗಿ ನಡಸಾಕ ಬರಂಗಿಲ್ಲ?"

ಕಲ್ಮೇಶ ಹಿಡಿದ. ಎಡಿತ್ ಮೊದಲು ಗೋಡೆಗೆ ಹಣೆ ಬಡಿದುಕೊಂಡಳು, ನಂತರ ಒಂದೇ ಜಾಗದಲ್ಲಿ ಗಿರಗಿರ ತಿರುಗಿದಳು.

"ಏನ್ ಕುಡಿಸಿ ಕರ್ಕೊಂಡು ಬಂದಿಯೋ ಅಕಿಗೆ?" ಶಿವಯೋಗಿ ನಕ್ಕ.

"ಸುಮ್ಕಿರು. ಕೈ ಕುಂದ್ರಬೇಕು."

ಕೈ ಬೇಗನೆ ಕುಳಿತಿತು. ಓಣಿಯ ನಡುವೆ ಬಂದು ನಿಂತ. ಹೆಡ್‌ಫೋನಿನ ಎಡಗಡೆಯಲ್ಲಿ ಆ ಸಣ್ಣ ಸಿಳ್ಳು ಶುರುವಾಗುತ್ತಿದ್ದಂತೆ ಶಿವಯೋಗಿ 'ಎಡಕ್ಕ' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಎಡಿತ್ ಬಲಕ್ಕೆ ಹೊರಳಿ ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ನೂಲವ್ವ ಓಣಿಯಲ್ಲಿ ಬಂದು, ನಿಂತು, ಮುಂದೆ ಹೋದಳು.

ಮೂರು ಸಲ ಸತ್ತ ಜಾಗವಾದ್ದರಿಂದ ನೆನಪಿಟ್ಟುಕೊಂಡಿರಬೇಕು ಎಂದು ಶಿವಯೋಗಿ ಅಂದುಕೊಂಡ. ಆದರೆ ಅದರಾಚೆಗಿನದು ಕಲ್ಮೇಶ ಕಂಡಿರದ ಜಾಗ. ಹಳೆಯ ಆಟದಲ್ಲಿ ಇಲ್ಲದ, ಹೊಸದಾಗಿ ಸೇರಿಸಿದ ದೊಡ್ಡ ಮಗ್ಗದ ಅಂಗಳ. ಎಡಿತ್ ಒಳಗೆ ಕಾಲಿಡುತ್ತಿದ್ದಂತೆ ಸಾಲು ಸಾಲು ಮಗ್ಗಗಳು ತಾವಾಗಿಯೇ ಓಡತೊಡಗುತ್ತವೆ. ಸ್ವಲ್ಪ ಹೊತ್ತಿನ ನಂತರ, ಕಾಣದಷ್ಟು ದೂರದ ಬಲಮೂಲೆಯಲ್ಲಿ ಒಂದೇ ಒಂದು ಮಗ್ಗ ನಿಲ್ಲುತ್ತದೆ. ನೂಲವ್ವ ಆ ಮಗ್ಗದ ಮೇಲೆ ಕೂತಿದ್ದಾಳೆ ಎಂದು ಅದರರ್ಥ. ಜಗತ್ತಿನ ಯಾವ ಆಟಗಾರನಾದರೂ ಅಲ್ಲಿಂದ ಎಡಕ್ಕೆ ಓಡುತ್ತಾನೆ.

ಮಗ್ಗ ನಿಂತಿತು. ಕಲ್ಮೇಶ ಎಡಿತ್‌ಳನ್ನು ಬಲಕ್ಕೆ ತಿರುಗಿಸಿ, ಮಗ್ಗಗಳ ಸಾಲಿನ ನಡುವೆ, ನಿಂತ ಮಗ್ಗದ ಕಡೆಗೇ ಓಡಿಸಿದ. ನೂಲವ್ವ ಎದ್ದು ನಿಂತು ಅವಳನ್ನು ತಬ್ಬಿಕೊಂಡಳು.

"ಅಲ್ಲಲೇ ಹುಚ್ಚಪ್ಪ! ಅಲ್ಲಿಗ್ಯಾಕ ಹೋದಿ?"

"ಮಗ್ಗ ನಿಂತಿತಲ್ಲೋ. ಎಳಿ ಹರದಿರಬೇಕು ಅಂದಕೊಂಡೆ."

ಶಿವಯೋಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ರಾಜಶ್ರೀಯೂ ನಕ್ಕಳು. ಮಗ್ಗ ನಿಂತರೆ ಎಳೆ ಹರಿದಿದೆ, ಓಡಿ ಹೋಗಿ ಗಂಟು ಹಾಕಬೇಕು. ಆ ಮನೆಯಲ್ಲಿ ಊಟಕ್ಕೆ ಕೂತವರೂ ತುತ್ತು ಬಿಟ್ಟು ಏಳುವುದು ಹಾಗೆಯೇ. ಕಲ್ಮೇಶನೂ ತನ್ನ ಬುದ್ಧಿಗೆ ತಾನೇ ನಕ್ಕ.

ಮೊದಲು ನಗು ನಿಲ್ಲಿಸಿದವನು ಶಿವಯೋಗಿ. ಹೆಡ್‌ಫೋನ್ ಅವನ ತಲೆಯ ಮೇಲಿತ್ತು. ಟಿವಿಯ ಧ್ವನಿ ಬಂದ್ ಆಗಿತ್ತು. ನಿಂತ ಮಗ್ಗ ಪರದೆಯಲ್ಲಿ ಕಾಣುತ್ತಿರಲಿಲ್ಲ.

"ಕಲ್ಮೇಶ, ಮಗ್ಗ ನಿಂತದ್ದು ನಿಂಗ ಹೆಂಗ ಗೊತ್ತಾತು?"

"ಕೈಯಾಗ ಬಂತಲ್ಲ." ಕಲ್ಮೇಶ ಕಂಟ್ರೋಲರ್ ಎತ್ತಿ ತೋರಿಸಿದ. "ಇದು ನಡಗತೈತಿ. ಎಲ್ಲಾ ಮಗ್ಗ ಓಡೂ ಮುಂದ ಎರಡೂ ಅಂಗೈಯಾಗ ಓಟ ಇರತೈತಿ. ಬಲಗೈಯಾಗಿಂದು ಒಂದು ಓಟ ತಪ್ಪಿತು. ಆ ಓಣ್ಯಾಗೂ ಹಂಗ. ಅಕಿ ಬರೂ ಮುಂದ ಎಡಗೈಯಾಗ ಎಳಿ ಜಗ್ಗಿದಂಗ ಆತು. ಭಾಳ ಸೂಕ್ಷ್ಮ ಮಾಡ್ಯಾರ ಬಿಡು. ಇದನ್ನ ಮಾತ್ರ ಮೆಚ್ಚಬೇಕು."

"ಮಗ್ಗಕ್ಕೂ ಹಿಂಗ ಕೈ ಇಡ್ತೀರಿ ನೀವು," ರಾಜಶ್ರೀ ಹೇಳಿದಳು. ಅವಳು ಎದ್ದು ಬಂದು ಅವನ ಮುಂದೆ ಕೂತಿದ್ದಳು, ತುಟಿ ಕಾಣುವಂತೆ. "ರಿಪೇರಿಗೆ ಹೋದಾಗ ಮಗ್ಗದ ಮ್ಯಾಲ ಅಂಗೈ ಇಟ್ಟು ನಿಂದರತೀರಿ. ನಾ ನೋಡೇನಿ. ಕಿವಿಗೊಟ್ಟು ಕೇಳ್ತಾರ ಅಂತ ಮಂದಿ ತಿಳಕೊಂಡಾರ. ನೀವು ಕೇಳಾಕತ್ತಿಲ್ಲ."

ಕಲ್ಮೇಶ ಕಂಟ್ರೋಲರ್ ಕೆಳಗಿಟ್ಟ. ಪರದೆಯ ಮೇಲೆ ಆಟವನ್ನು ಮತ್ತೆ ಶುರು ಮಾಡಲೇ ಎಂಬ ಪ್ರಶ್ನೆ ಮಿಣುಕುತ್ತಿತ್ತು.

"ಮೊದಲ ಎರಡೂ ಬರ್ತಿದ್ದೂ," ಕಲ್ಮೇಶ ಹೇಳಿದ. "ಕಿವಿಗೂ ಬರ್ತಿತ್ತು, ಕೈಗೂ ಬರ್ತಿತ್ತು. ಆಮ್ಯಾಲ ಕೈಗೆ ಮೊದಲ ಬರಾಕತ್ತಿತು. ಛಲೋ ಆತು, ಕೈ ಪಳಗಿತು ಅಂದಕೊಂಡೆ. ಕಿವಿಗೆ ಬರೂದು ಯಾವಾಗ ನಿಂತಿತೋ, ಖರೇನ ಗೊತ್ತಾಗಲಿಲ್ಲ." ಅಂಗೈ ನೋಡಿಕೊಂಡು ಸೇರಿಸಿದ: "ಆದರ ಕೆಲಸಾ ನಿಂತಿಲ್ಲಲಾ. ಒಂದು ಮಗ್ಗಾನೂ ತಪ್ಪ ಹೇಳಿಲ್ಲ ನಾ."

"ಮಗ್ಗಕ್ಕ ಕೈ ಇಡ್ತೀರಿ. ನನ್ನ ಮಾತಿಗೆ ಎಲ್ಲಿ ಕೈ ಇಡ್ತೀರಿ? ರಸ್ತೇದಾಗ ಹಿಂದಿಂದ ಕಬ್ಬಿನ ಟ್ರ್ಯಾಕ್ಟರ್ ಬಂದ್ರ ಎಲ್ಲಿ ಕೈ ಇಡ್ತೀರಿ?"

ಏನೋ ನಡೆದಿದೆ ಎಂದು ಮುಖಗಳನ್ನು ನೋಡಿಯೇ ತಿಳಿದ ಶಿವಗಂಗವ್ವ ಪಡಸಾಲೆಯಿಂದ ಎದ್ದು ಬಂದಳು. "ಏನಾತು?"

ರಾಜಶ್ರೀ ಅವಳ ಕಡೆ ತಿರುಗಿ ಹೇಳಿದಳು. ಅತ್ತೆ ಸೊಸೆಯ ತುಟಿ ನೋಡುತ್ತ ಪೂರ್ತಿ ತಿಳಿದುಕೊಂಡಳು.

"ಇಷ್ಟ ಏನು? ನಾ ಏನರ ಆತೋ ಅಂತ ಹೆದರಿದೆ. ಮಗ್ಗದ ಮನ್ಯಾಗ ಯಾರಿಗೆ ಕೇಳಸ್ತೈತಿ? ನಮ್ಮತ್ತಿಗೂ ಹಂಗ, ನಮ್ಮ ಯಜಮಾನರಿಗೂ ಹಂಗ. ಅದೇನು ರೋಗ ಏನು? ನನಗಂತೂ ಏನೂ ಆಗಿಲ್ಲ, ಎಲ್ಲಾ ಕೇಳಸ್ತೈತಿ." ಹೇಳಿ ಅವಳು ಹೊಸ ಆಟ ನೋಡಲೆಂದು ಟಿವಿಯ ಕಡೆ ಮುಖ ಮಾಡಿದಳು.

ರಾಜಶ್ರೀ ಜಾಗ ಬಿಟ್ಟು ಅಲುಗಾಡದೆ, ಅತ್ತೆಯ ಬೆನ್ನಿಗೆ ಸ್ಪಷ್ಟವಾಗಿ ಕೇಳಿದಳು: "ಅತ್ತ್ಯಾರ, ಚಾ ಕುಡೀತೀರೇನ್ರಿ?"

ಶಿವಗಂಗವ್ವ ಟಿವಿಯನ್ನೇ ನೋಡುತ್ತಿದ್ದಳು.

"ಅತ್ತ್ಯಾರ, ಚಾ."

ಕರೆದವರ ಮನೆಯಲ್ಲೂ ಕರೆಯದವರ ಮನೆಯಲ್ಲೂ ಚಹಾ ಬೇಡವೆಂದ ಹೆಂಗಸಲ್ಲ ಅವಳು. ತಿರುಗಲಿಲ್ಲ. ಕಲ್ಮೇಶ ಹೆಂಡತಿಯ ತುಟಿ ನೋಡಿದ, ತಾಯಿಯ ಬೆನ್ನು ನೋಡಿದ. ತನ್ನ ಬೆನ್ನೂ ಇಷ್ಟು ದಿನ ಹೀಗೆಯೇ ಕಂಡಿರಬೇಕು ಎಂಬುದು ಅವನ ಮುಖದಲ್ಲಿ ತಿಳಿಯುವಂತಿತ್ತು.

ಶಿವಯೋಗಿ ಕಂಟ್ರೋಲರ್ ಎತ್ತಿಕೊಂಡು, ಆಟ ಶುರು ಮಾಡುವ ಮೊದಲಿನ ಪುಟಕ್ಕೆ ಹೋದ. ಮುಧೋಳದಲ್ಲಿ ಮೊದಲ ಸಲ ಆಡುವಾಗ ಓದದೆ ದಾಟಿಸಿದ್ದ ಒಂದು ಪುಟ ಅಲ್ಲಿತ್ತು. ಈಗ ನಿಧಾನವಾಗಿ ಓದಿದ. ನೂಲವ್ವ ಬರುವ ಸೂಚನೆಯನ್ನು ಮೂರು ದಾರಿಯಲ್ಲಿ ಪಡೆಯಬಹುದಿತ್ತು. ಕಿವಿಗೆ ಸಿಳ್ಳು, ಕೈಗೆ ನಡುಕ, ಬೇಕೆಂದವರಿಗೆ ಪರದೆಯ ಅಂಚಿನಲ್ಲಿ ಸದ್ದು ಬಂದ ದಿಕ್ಕು ತೋರಿಸುವ ಸಣ್ಣದೊಂದು ಗೆರೆ.

"ನೋಡಿಲ್ಲಿ," ಅವನು ಕಲ್ಮೇಶನ ಎದುರು ಮುಖ ಮಾಡಿ ಹೇಳಿದ. "ಚಿತ್ರಾ, ನಕಾಶಿ, ಕ್ಯಾಮೆರಾ ಎಲ್ಲಾ ನಾ ಹೊಗಳಿದ್ದ ಹೊಗಳಿದ್ದು. ಇದನ್ನ ನೋಡಿರಲೇ ಇಲ್ಲ. ಕಿವಿ ಕೇಳದವ ಆಟಾ ಬಿಟ್ಟು ಹೋಗಬಾರದು ಅಂತ ಯಾರೋ ಕುಂತು ವಿಚಾರ ಮಾಡ್ಯಾರ. ಅವನಿಗೂ ಅಷ್ಟ ಹೆದರಿಕಿ ಆಗಬೇಕು, ಅವನೂ ಅಷ್ಟ ಹೊತ್ತಿಗೆ ತಪ್ಪಿಸಿಕೋಬೇಕು."

"ನಾ ಕೇಳದವ ಅಲ್ಲ," ಕಲ್ಮೇಶ ಎಂದ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಎಷ್ಟು ಕೇಳ್ತಿ, ಎಷ್ಟಿಲ್ಲ ಅನ್ನೂದು ಅಳದು ನೋಡಿದ್ರ ಗೊತ್ತಾಗತೈತಿ. ನಾ ದಿನಾ ಕಬ್ಬಿನ ಹಾಲು ಅಳೀತೇನಿ. ಅಳದದ್ದಕ್ಕ ಸಕ್ರಿ ಕಡಿಮಿ ಆಗಂಗಿಲ್ಲ."

ಕಲ್ಮೇಶ ಕೈ ಚಾಚಿ ಕಂಟ್ರೋಲರ್ ತೆಗೆದುಕೊಂಡ.

ಮುಂದಿನ ಆಟವನ್ನು ಅವರು ಬೇರೆ ರೀತಿ ಆಡಿದರು. ಹಿಡಿದವನು ಕಲ್ಮೇಶ, ಕೇಳುವವನು ಶಿವಯೋಗಿ. ನಿಯಮವೂ ಬದಲಾಯಿತು. ಕೈಗೆ ಬಂದರೆ ಕಲ್ಮೇಶ ಹೇಳುತ್ತಿದ್ದ, ಕಿವಿಗೆ ಬಂದರೆ ಶಿವಯೋಗಿ ಅವನ ಭುಜ ತಟ್ಟುತ್ತಿದ್ದ. ಹೆಚ್ಚಿನ ಸಲ ಎರಡೂ ಒಟ್ಟಿಗೆ ಆದವು. ಕೆಲವು ಸಲ ಕೈ ಮುಂದಿತ್ತು. ದೂರದ ಸಣ್ಣ ಸದ್ದುಗಳಲ್ಲಿ ಕಿವಿ ಮುಂದಿತ್ತು, ಅವು ಕೈಗೆ ಬರುತ್ತಲೇ ಇರಲಿಲ್ಲ. ಅಂಥ ಪ್ರತಿ ಸಲವೂ ಕಲ್ಮೇಶ "ಈಗೂ ಬಂತೇನು?" ಎಂದು ಕೇಳಿ ಖಚಿತ ಮಾಡಿಕೊಂಡ. ಶಿವಯೋಗಿ ಬಂದದ್ದನ್ನು ಬಂತು ಎಂದ, ಬಾರದ್ದನ್ನು ಇಲ್ಲ ಎಂದ.

ಬಾಯ್ಲರ್ ಕೋಣೆಯನ್ನು ಅವರು ಎರಡನೆಯ ಯತ್ನದಲ್ಲೇ ದಾಟಿದರು. ಅವರ ಪಾಲಿಗೆ ಇಪ್ಪತ್ತು ವರ್ಷ ಮುಚ್ಚಿದ್ದ ಆ ಬಾಗಿಲಿನಾಚೆ ಗಿರಣಿಯ ಹಿಂದಿನ ಅಂಗಳವಿತ್ತು. ಅಲ್ಲಿ ಬೆಳಗಾಗುತ್ತಿತ್ತು. ಒಣಹಾಕಿದ ಬಟ್ಟೆಗಳು ಗಾಳಿಗೆ ಆಡುತ್ತಿದ್ದವು. ಆಟದಲ್ಲಿ ಮೊದಲ ಸಲ ಯಂತ್ರಗಳ ಸದ್ದು ಇರಲಿಲ್ಲ.

"ಈಗೇನ್ ಕೇಳಸ್ತೈತಿ?" ಕಲ್ಮೇಶ ಕೇಳಿದ.

"ಹಕ್ಕಿ," ಎಂದ ಶಿವಯೋಗಿ. "ದೂರ ಒಂದು ಗಂಟಿ. ಬಟ್ಟಿ ಪಟಪಟ ಅನ್ನಾಕತ್ತಾವ."

ಕಲ್ಮೇಶನ ಅಂಗೈಗೆ ಏನೂ ಬರುತ್ತಿರಲಿಲ್ಲ. ಅವನು ಎಡಿತ್‌ಳನ್ನು ಬಹಳ ಹೊತ್ತು ಅಲ್ಲೇ ನಿಲ್ಲಿಸಿದ. ನಂತರ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. ರಾಜಶ್ರೀ ಒಲೆಯ ಕಡೆ ಮುಖ ಮಾಡಿ ಚಹಾ ಸೋಸುತ್ತಿದ್ದಳು.

"ಜಮಖಂಡಿಗೆ ಯಾವತ್ತ ಹೋಗೂದು?"

ಅವಳು ಏನೋ ಹೇಳಿದಳು.

"ಈ ಕಡೆ ತಿರುಗಿ ಹೇಳು," ಕಲ್ಮೇಶ ಹೇಳಿದ. "ಕೇಳಲಿಲ್ಲ."

ಆ ಮಾತನ್ನು ಅವನು ಆ ಮನೆಯಲ್ಲಿ ಹಿಂದೆಂದೂ ಆಡಿರಲಿಲ್ಲ. ರಾಜಶ್ರೀ ಸೋಸುವುದನ್ನು ಬಿಟ್ಟು ತಿರುಗಿ, ಸೋಮವಾರ ಎಂದಳು. ಅತ್ತೆಯನ್ನೂ ಕರೆದುಕೊಂಡು ಎಂದು ಸೇರಿಸಿದಳು.

ಜಮಖಂಡಿಯ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಪ್ರತ್ಯೇಕ ಕೋಣೆ ಇತ್ತು. ಗೋಡೆಗೆಲ್ಲ ಮೆತ್ತನೆಯ ಹಲಗೆ, ನಡುವೆ ಗಾಜು. ಗಾಜಿನ ಈಚೆ ಕಲ್ಮೇಶ, ಆಚೆ ಯಂತ್ರದ ಮುಂದೆ ಪರೀಕ್ಷೆ ಮಾಡುವ ಹುಡುಗಿ. ಅವಳು ಅವನಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಎಷ್ಟೇ ಸಣ್ಣದಿರಲಿ, ಕೇಳಿಸಿದ ಕೂಡಲೇ ಒತ್ತಬೇಕು ಎಂದು ಹೇಳಿ ಹೋದಳು. ಹೊರಗಿನ ಬೆಂಚಿನ ಮೇಲೆ ರಾಜಶ್ರೀಯೂ ಶಿವಗಂಗವ್ವನೂ ಕೂತಿದ್ದರು. ಶಿವಗಂಗವ್ವ ತನಗೇನೂ ಆಗಿಲ್ಲವೆಂದು ಪಕ್ಕದವರಿಗೆ ಒದರಿ ಹೇಳುತ್ತಿದ್ದಳು.

ಪರೀಕ್ಷೆ ಶುರುವಾಯಿತು. ಕಲ್ಮೇಶ ಗುಂಡಿ ಒತ್ತಿದ. ಮತ್ತೆ ಒತ್ತಿದ. ಒಂದನ್ನೂ ಬಿಡಲಿಲ್ಲ. ಹುಡುಗಿ ತಲೆಯಾಡಿಸುತ್ತ ಬರೆದುಕೊಂಡಳು. ಅವಳ ಮುಖದಲ್ಲಿ ಸಮಾಧಾನ ಕಂಡಿತು. ಎಡಗಿವಿಯ ಸರದಿ ಬಂದಾಗ ಅವನು ಇದ್ದಕ್ಕಿದ್ದಂತೆ ಹೆಡ್‌ಫೋನ್ ತೆಗೆದು, ಗಾಜು ಬಡಿದು ಅವಳನ್ನು ಕರೆದ.

"ಯಾಕ್ರಿ, ಬಿಗಿ ಆತೇನ್ರಿ?"

"ಇಲ್ಲ ತಂಗಿ. ಈಗ ಬರದದ್ದನ್ನೆಲ್ಲಾ ಅಳಿಸಿ ಬಿಡು. ನೀ ಸದ್ದು ಬಿಡೂ ಮುಂದ ನಿನ್ನ ಬೆರಳು ಅಲ್ಲಾಡತೈತಿ. ಅದನ್ನ ನೋಡಿ ಒತ್ತೇನಿ ನಾ. ಬೇಕಂತ ಮಾಡಲಿಲ್ಲ, ರೂಢಿ ಐತಿ."

ಹುಡುಗಿ ತನ್ನ ಬೆರಳು ನೋಡಿಕೊಂಡಳು. "ಹಂಗಾರ ಏನ್ ಮಾಡೂಣ್ರಿ?"

ಕಲ್ಮೇಶ ತಾನೇ ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತ. ಹೆಡ್‌ಫೋನ್ ಹಾಕಿಕೊಂಡ.

"ಈಗ ಹಚ್ಚು."

ಹುಡುಗಿ ಯಂತ್ರದ ಮುಂದೆ ಕೂತು ಮೊದಲ ಸದ್ದು ಬಿಟ್ಟಳು. ಕಲ್ಮೇಶನ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಅವಳು ಸದ್ದನ್ನು ಒಂದು ಹಂತ ಏರಿಸಿದಳು, ಇನ್ನೂ ಒಂದು ಹಂತ ಏರಿಸಿದಳು. ಅವನು ತಲೆ ಬಾಗಿಸಿ, ಗೋಡೆಯನ್ನು ನೋಡುತ್ತ, ಕೇಳಿಸುವ ತನಕ ಕಾದ.